ಕಿಟ್ಟು ಕೊಟ್ಟು ಬಂದರೆ ಸಾಕೇ?

ನಮ್ಮದೇ ಒಂದು ತಪ್ಪನ್ನು ಮೊದಲು ಹೇಳಿಕೊಂಡು ಆಮೇಲೆ ವಿಷಯಕ್ಕೆ ಬರುತ್ತೇವೆ.

2020ರ ಲಾಕ್‌ಡೌನ್ ಸಮಯದಲ್ಲಿ ನಮ್ಮ ಧರ್ಮಕೇಂದ್ರದ ಸೇವಾ ಗುಂಪಿನವರು ಸೇರಿ ಬಡ ಕುಟುಂಬಗಳಿಗೆ ಆಹಾರದ ಕಿಟ್ಟು ಹಂಚಲು ಆರಂಭಿಸಿದೆವು. ಐದು ಕೆ.ಜಿ. ಕುಚ್ಚಲಕ್ಕಿ, ಒಂದು ಕೆ.ಜಿ. ಸಕ್ಕರೆ, ಬೇಳೆ, ತೆಂಗಿನೆಣ್ಣೆ, ಚಹಾಪುಡಿ, ಒಂದು ಸಾಬೂನು. ಲಾಕ್‌ಡೌನ್ ಮುಗಿದ ಮೇಲೂ ನಿಲ್ಲಿಸಲು ಮನಸ್ಸು ಬರಲಿಲ್ಲ. ತಿಂಗಳ ಕೊನೆಯ ಭಾನುವಾರ ಪೂಜೆ ಮುಗಿದ ಬಳಿಕ ಆಟೋದಲ್ಲಿ ಕಿಟ್ಟು ತುಂಬಿಸಿಕೊಂಡು ಮುರಕಲ್ಲು ಕೋರೆಯ ಹತ್ತಿರದ ಕ್ವಾರ್ಟರ್ಸಿಗೆ ಹೋಗುವುದು, ಬಾಗಿಲಲ್ಲೇ ನಿಂತು ಕೊಡುವುದು, ಮಕ್ಕಳ ತಲೆ ಸವರಿ ಹಿಂದಿರುಗುವುದು. ನಮ್ಮದು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳನಾಡು. ಆ ಕ್ವಾರ್ಟರ್ಸಿನಲ್ಲಿ ಇರುವವರು ಕೊಪ್ಪಳ, ಬಾಗಲಕೋಟೆ, ಗದಗ ಕಡೆಯಿಂದ ಕಲ್ಲು ಕಡಿಯಲು ಬಂದ ಕುಟುಂಬಗಳು. ಸಿಮೆಂಟು ಹೆಂಚಿನ ಸಾಲುಮನೆ, ಒಂದೊಂದು ಕೋಣೆ, ಹೊರಗೆ ಮೂರು ಕಲ್ಲಿನ ಒಲೆ.

ಎರಡು ವರ್ಷ ಹೀಗೆ ಕಳೆಯಿತು. 2022ರಲ್ಲಿ ಒಂದು ದಿನ ನಮ್ಮಲ್ಲೊಬ್ಬರು ಪೇಟೆಯ ದಿನಸಿ ಅಂಗಡಿಯಲ್ಲಿ ನಿಂತಿದ್ದಾಗ, ಕ್ವಾರ್ಟರ್ಸಿನ ಒಬ್ಬಾಕೆ ನಮ್ಮದೇ ಕಿಟ್ಟಿನ ಅಕ್ಕಿ ಚೀಲವನ್ನು ಅಂಗಡಿಯವನಿಗೆ ಕೊಟ್ಟು, ಬದಲಿಗೆ ಮೂರು ಕೆ.ಜಿ. ಬೆಳ್ತಿಗೆ ಅಕ್ಕಿ ಕಟ್ಟಿಸಿಕೊಳ್ಳುತ್ತಿದ್ದಳು. ನಮಗೆ ಬೇಸರವಾಯಿತು. ನಿಜ ಹೇಳಬೇಕೆಂದರೆ ಸಿಟ್ಟೇ ಬಂತು. ಮುಂದಿನ ಭಾನುವಾರ ಹೋಗಿ ಕೇಳಿದೆವು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ತಲೆ ತಗ್ಗಿಸಿ ಹೇಳಿದಳು: “ಆ ಅಕ್ಕಿ ನಮಗ ಸೇರಂಗಿಲ್ರಿ ಅಕ್ಕಾರ. ಹುಡುಗ್ರು ಬಾಯಾಗ ಇಡಂಗಿಲ್ಲ. ನೀವು ಪ್ರೀತಿಲೆ ಕೊಡ್ತೀರಿ, ಬ್ಯಾಡ ಅನ್ನಾಕ ಹೆಂಗ ಬರತೈತಿ?”

ಜೋಳದ ರೊಟ್ಟಿ ಉಂಡು ಬೆಳೆದವರಿಗೆ ನಾವು ಎರಡು ವರ್ಷ ಕೆಂಪು ಕುಚ್ಚಲಕ್ಕಿ ಕೊಟ್ಟಿದ್ದೆವು. ನಿಮಗೆ ಏನು ಬೇಕು ಎಂದು ಒಂದು ಸಲವೂ ಕೇಳಿರಲಿಲ್ಲ. ಅವರೂ ಕನ್ನಡದವರು, ನಾವೂ ಕನ್ನಡದವರು. ಭಾಷೆ ಬಾರದು ಎಂಬ ನೆಪವೂ ಇರಲಿಲ್ಲ.

ಒಳಗೆ ಹೋಗಿ ಕುಳಿತ ದಿನ

ಅಂದು ಮೊದಲ ಬಾರಿಗೆ ನಾವು ಬಾಗಿಲಲ್ಲಿ ನಿಲ್ಲದೆ ಒಳಗೆ ಹೋಗಿ ಚಾಪೆಯಲ್ಲಿ ಕುಳಿತೆವು. ಹಾಲಿಲ್ಲದ ಚಹಾ ಕೊಟ್ಟರು. ಅರ್ಧ ಗಂಟೆಯಲ್ಲಿ, ಎರಡು ವರ್ಷದಲ್ಲಿ ತಿಳಿಯದ ಸಂಗತಿಗಳೆಲ್ಲ ತಿಳಿದವು.

ಆ ಕುಟುಂಬಕ್ಕೆ ಊರಿನಲ್ಲಿ ಎರಡು ಎಕ್ರೆ ಖುಷ್ಕಿ ಜಮೀನಿದೆ, ಮಳೆ ಬಂದರೆ ಬೆಳೆ. ಗಂಡ ಮೇಸ್ತ್ರಿಯಿಂದ ಮುಂಗಡ ಹಣ ತೆಗೆದುಕೊಂಡು ಬಂದಿದ್ದಾನೆ, ಅದು ಪ್ರತಿವರ್ಷ ತೀರುತ್ತದೆ, ಪ್ರತಿವರ್ಷ ಪುನಃ ಏರುತ್ತದೆ. ಇಬ್ಬರು ಮಕ್ಕಳು. ಒಂದೂವರೆ ವರ್ಷದ ಗಂಡುಮಗುವನ್ನು ಹನ್ನೊಂದು ವರ್ಷದ ಹುಡುಗಿ ಇಡೀ ದಿನ ಸೊಂಟದಲ್ಲಿ ಎತ್ತಿಕೊಂಡಿರುತ್ತಾಳೆ. ಏಕೆಂದರೆ ತಾಯಿಯೂ ಕೋರೆಗೆ ಹೋಗಬೇಕು. ಹುಡುಗಿ ಊರಿನಲ್ಲಿ ಮೂರನೇ ತರಗತಿ ಮುಗಿಸಿದ್ದಳು, ಆಮೇಲೆ ಶಾಲೆ ಇಲ್ಲ. ನಾವು ತಲೆ ಸವರಿ ಬರುತ್ತಿದ್ದ ಮಕ್ಕಳಲ್ಲಿ ಅವಳೂ ಒಬ್ಬಳು.

ಅವರ ಕೈಯಲ್ಲಿ ರೇಷನ್ ಕಾರ್ಡು ಇತ್ತು, ಕರ್ನಾಟಕದ ಬಿ.ಪಿ.ಎಲ್. ಕಾರ್ಡು. ಆದರೂ ಇಲ್ಲಿ ಅಂಗಡಿಯಿಂದ ಪೂರ್ತಿ ಬೆಲೆ ಕೊಟ್ಟು ಅಕ್ಕಿ ತರುತ್ತಿದ್ದರು. “ಕಾರ್ಡಿನ ಮ್ಯಾಲೆ ಇಲ್ಲಿ ತಗೊಂಡ್ರ ಅಲ್ಲಿ ರದ್ದಾಕೈತಂತ್ರಿ. ಅತ್ತಿ ಒಬ್ಬಾಕಿ ಅದಾಳ ಊರಾಗ, ಆಕಿ ಏನ್ ತಿನ್ನಬೇಕ?” ಎಂಬುದು ಆಕೆಯ ಭಯ.

ಈ ಭಯಕ್ಕೆ ಆಧಾರವಿರಲಿಲ್ಲ. ‘ಒಂದು ದೇಶ, ಒಂದು ರೇಷನ್ ಕಾರ್ಡ್’ ವ್ಯವಸ್ಥೆ 2019ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ, 2020ರ ಜನವರಿ 1ರಿಂದಲೇ ಕರ್ನಾಟಕ, ಕೇರಳ ಎರಡೂ ಅದರಲ್ಲಿ ಸೇರಿದ್ದವು. 2022ರಲ್ಲಿ ಅಸ್ಸಾಂ ಸೇರುವುದರೊಂದಿಗೆ ಅದು ಇಡೀ ದೇಶಕ್ಕೆ ಬಂತು. ಆಹಾರ ಭದ್ರತಾ ಕಾಯ್ದೆಯಡಿ ಬರುವ ಕಾರ್ಡು ಆಗಿದ್ದು, ಆಧಾರ್ ಜೋಡಣೆಯಾಗಿದ್ದರೆ ಯಾವ ರಾಜ್ಯದ ರೇಷನ್ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಮುಖ್ಯ ವಿಷಯವೆಂದರೆ, ಕಾರ್ಡಿನಲ್ಲಿರುವ ಎಲ್ಲರ ಪಾಲನ್ನೂ ಒಂದೇ ಕಡೆ ತೆಗೆಯಬೇಕೆಂದಿಲ್ಲ. ಇಲ್ಲಿರುವ ನಾಲ್ವರ ಪಾಲು ಇಲ್ಲಿ, ಊರಿನಲ್ಲಿರುವ ಅತ್ತೆಯ ಪಾಲು ಅಲ್ಲಿ. ಒಬ್ಬರಿಗೆ ತಿಂಗಳಿಗೆ ಐದು ಕೆ.ಜಿ. 2023ರ ಜನವರಿಯಿಂದ ಅದು ಉಚಿತವಾಗಿದೆ. ಆದರೆ ರಾಜ್ಯ ಸರಕಾರ ತನ್ನ ಲೆಕ್ಕದಲ್ಲಿ ಹೆಚ್ಚುವರಿಯಾಗಿ ಕೊಡುವುದು ಗಡಿ ದಾಟಿ ಬರುವುದಿಲ್ಲ, ಕೇಂದ್ರದ ಪಾಲು ಮಾತ್ರ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಅಂಗಡಿಯವನು ಮೋಸ ಮಾಡಿದನೆಂದು ಜಗಳವಾಗುತ್ತದೆ.

ಇಷ್ಟನ್ನು ಬಾಯಲ್ಲಿ ಹೇಳಿ ನಾವು ಬಂದೆವು. ಅವರು ಹೋಗಲೇ ಇಲ್ಲ. ಎರಡು ವಾರದ ಬಳಿಕ ವಿಚಾರಿಸಿದಾಗ, “ನಾಳೆ ಹೋಗ್ತೀವ್ರಿ” ಎಂದರು. ಆಗ ನಮ್ಮಲ್ಲೊಬ್ಬ ಹಿರಿಯರು, ನಿವೃತ್ತ ಅಂಚೆ ನೌಕರರು, “ಇವರು ಹೋಗುವುದಿಲ್ಲ. ನಾವೇ ಜೊತೆಗೆ ಹೋಗಬೇಕು” ಎಂದರು.

ಅಂಗಡಿಯ ಯಂತ್ರದಲ್ಲಿ ಗಂಡನ ಬೆರಳು ಇಟ್ಟರೆ ಕೆಂಪು ದೀಪ. ಇನ್ನೊಂದು ಬೆರಳು, ಮತ್ತೆ ಕೆಂಪು. ಕಲ್ಲು ಹಿಡಿದು ಹಿಡಿದು ಬೆರಳ ತುದಿಯ ಗೆರೆಗಳೇ ಸವೆದುಹೋಗಿದ್ದವು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಗಂಡ ಚೀಲ ಮಡಿಸಿ ಹೊರಡಲು ಎದ್ದೇಬಿಟ್ಟ. ಒಬ್ಬನೇ ಬಂದಿದ್ದರೆ ಅಂದಿಗೆ ಮುಗಿದಿತ್ತು, ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಕಾರ್ಡಿನಲ್ಲಿ ಹೆಸರಿರುವ ಯಾರ ಬೆರಳಾದರೂ ಸಾಕು ಎಂದು ಅಂಗಡಿಯವರೇ ಹೇಳಿದರು. ಹೆಂಡತಿ ಬೆರಳಿಟ್ಟಳು. ಹಸಿರು ದೀಪ ಬಂತು. ನಾಲ್ವರ ಪಾಲಿನ 20 ಕೆ.ಜಿ. ತೂಗಿ ಕೊಟ್ಟರು, ಬೆಳ್ತಿಗೆಯೇ ಸಿಕ್ಕಿತು. ನಮ್ಮ ಕಿಟ್ಟಿನ ನಾಲ್ಕು ಪಾಲು!

ಮುಂದಿನ ತಿಂಗಳು ಆಕೆ ಒಬ್ಬಳೇ ಹೋಗಿ ತಂದಳು. ಅದರ ಮುಂದಿನ ತಿಂಗಳು ಪಕ್ಕದ ಕೋಣೆಯ ಇಬ್ಬರನ್ನು ಕರೆದುಕೊಂಡು ಹೋದಳು.

ಜೊತೆಗೆ ಹೋಗುವುದೆಂದರೆ

ಬಡವರ ಮನೆಗೆ ಹೋಗುವುದು ಹೊಸ ವಿಷಯವೇನಲ್ಲ. ಸಂತ ವಿನ್ಸೆಂಟ್ ದೆ ಪಾವ್ಲರ ಸಭೆಯನ್ನು 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಓಝನಾಮ್ ಮತ್ತು ಗೆಳೆಯರು ಆರಂಭಿಸಿದಾಗ ಅವರಿಗೆ ವಯಸ್ಸು ಇಪ್ಪತ್ತು. ಬಡವರ ಮನೆಗೆ ಹೋಗುವ ಬಗೆಯನ್ನು ಆ ಹುಡುಗರಿಗೆ ಕಲಿಸಿದವರು ಪ್ಯಾರಿಸಿನ ಬಡ ಬೀದಿಗಳಲ್ಲಿ ಸೇವೆ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರಾಂದು. ಓಝನಾಮರು 1997ರಲ್ಲಿ, ಸಿಸ್ಟರ್ ರೊಸಾಲಿ 2003ರಲ್ಲಿ ಪುನೀತರೆಂದು ಘೋಷಿಸಲ್ಪಟ್ಟರು. ಅವರ ಪದ್ಧತಿಯಲ್ಲಿ ಮನೆಭೇಟಿಯೇ ಮುಖ್ಯ, ಕೊಡುವ ವಸ್ತು ಆಮೇಲೆ. ನಾವು ಮಾತ್ರ ವಸ್ತುವನ್ನು ಹಿಡಿದುಕೊಂಡು ಮನೆಯನ್ನು ಬಿಟ್ಟಿದ್ದೆವು.

ಹಾಗಂತ ಸೇವೆ ಎಂಬುದು ನಮ್ಮಿಂದಲೇ ಆಗಬೇಕು ಎಂದು ಭಾವಿಸಿದರೆ ಅದೂ ದೊಡ್ಡ ತಪ್ಪು. ನಮ್ಮ ಗುಂಪಿನ ಒಂದು ವರ್ಷದ ವಂತಿಗೆ ಹಣದಿಂದ ಆ ಕ್ವಾರ್ಟರ್ಸಿನ ಒಂದು ತಿಂಗಳ ಅಕ್ಕಿಯೂ ಬಾರದು. ಸರಕಾರದ ಸೇವೆಗಳು ಸಾಕಷ್ಟಿವೆ. ಪಂಚಾಯತಿ ಕಚೇರಿ, ಅಂಗನವಾಡಿ, ಅಕ್ಷಯ ಕೇಂದ್ರ, ಆರೋಗ್ಯ ಕೇಂದ್ರ, ಶಾಲೆ ಎಲ್ಲವೂ ಕ್ವಾರ್ಟರ್ಸಿನಿಂದ ಎರಡು ಕಿಲೋಮೀಟರಿನ ಒಳಗೆ. ಕಡಿಮೆ ಇರುವುದು ಆ ಎರಡು ಕಿಲೋಮೀಟರು ಜೊತೆಗೆ ನಡೆಯುವ ಜನ. ಕೆಲಸದ ದಿನ ಕಚೇರಿಗೆ ಹೋದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಹೋದಲ್ಲಿ ಅರ್ಜಿ ಮಲೆಯಾಳದಲ್ಲಿ ಇರುತ್ತದೆ. “ನಾಳೆ ಬನ್ನಿ” ಎಂದರೆ ಎರಡು ದಿನದ ಕೂಲಿ.

ಇಲ್ಲಿ ನಮ್ಮಂಥ ಗಡಿನಾಡಿನವರ ಒಂದು ಗುಣ ಉಪಯೋಗಕ್ಕೆ ಬಂತು. ಕಾಸರಗೋಡಿನ ಕನ್ನಡಿಗರಿಗೆ ಮಲೆಯಾಳದ ಅರ್ಜಿಯ ಕಷ್ಟ ಹೊಸದಲ್ಲ. ಕನ್ನಡದಲ್ಲಿ ಅರ್ಜಿ ಕೊಡಿ ಎಂದು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ! ಆದರೆ ಆ ಕಷ್ಟದಲ್ಲೇ ನಾವು ಎರಡೂ ಭಾಷೆ ಓದಲು ಕಲಿತುಬಿಟ್ಟಿದ್ದೇವೆ. ಕೊಪ್ಪಳದ ಕನ್ನಡ ಕೇಳಿಸಿಕೊಂಡು ಮಲೆಯಾಳದ ಅರ್ಜಿ ತುಂಬುವುದು ನಮ್ಮ ಕಾಲೇಜು ಹುಡುಗಿಯರಿಗೆ ನೀರು ಕುಡಿದಷ್ಟು ಸುಲಭ. ಭಾನುವಾರ ಮಧ್ಯಾಹ್ನ ಅವರಲ್ಲಿ ಇಬ್ಬರು ಕ್ವಾರ್ಟರ್ಸಿನಲ್ಲಿ ಕುಳಿತು ಅರ್ಜಿ ತುಂಬುತ್ತಾರೆ, ವಾರದ ದಿನದಲ್ಲಿ ನಮ್ಮಲ್ಲಿ ನಿವೃತ್ತರಾದವರು ಜೊತೆಗೆ ಹೋಗುತ್ತಾರೆ.

ಎಲ್ಲ ಸಲವೂ ಸರಿಯಾಯಿತೆಂದಲ್ಲ. 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನು ನಾವು ಬಹಳ ಉತ್ಸಾಹದಿಂದ ಮಾಡಿಸಿದೆವು. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರಿಗೆ ಹನ್ನೆರಡು ಅಂಕಿಯ ಸಂಖ್ಯೆ ಸಿಗುತ್ತದೆ, ಖರ್ಚಿಲ್ಲ. ಆದರೆ ಕಾರ್ಡು ಬಂದರೆ ಖಾತೆಗೆ ದುಡ್ಡು ಬೀಳುತ್ತದೆ ಎಂದು ಕ್ವಾರ್ಟರ್ಸಿನಲ್ಲಿ ಸುದ್ದಿ ಹಬ್ಬಿತು. ನಾವು ಅದನ್ನು ಗಟ್ಟಿಯಾಗಿ ಅಲ್ಲಗಳೆಯಲಿಲ್ಲ. ದುಡ್ಡು ಬರಲಿಲ್ಲ. ಅದು ಹೆಸರು ನೋಂದಾಯಿಸುವ ಕಾರ್ಡು, ದುಡ್ಡು ಕೊಡುವ ಕಾರ್ಡಲ್ಲ ಎಂದು ಮತ್ತೆ ವಿವರಿಸಲು ಆರು ತಿಂಗಳು ಬೇಕಾಯಿತು. ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಯಲ್ಲೂ ಎಡವಿದೆವು. 1996ರ ಕಾಯ್ದೆಯಂತೆ ರೂಪುಗೊಂಡ ಆ ನಿಧಿಗೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಸೇರಬಹುದು. ಗಾರೆ ಕೆಲಸದವರ ಹೆಸರು ಸೇರಿತು. ಕೋರೆಯವರದು ಸೇರಲಿಲ್ಲ, ಗಣಿ ಕಾಯ್ದೆಯ ಕೆಳಗೆ ಬರುವ ಕೆಲಸ ಅದರಿಂದ ಹೊರಗಂತೆ. ಅದೇ ಕಲ್ಲನ್ನು ಗೋಡೆಗೆ ಇಡುವವನು ಒಳಗೆ, ಕಡಿದು ಕೊಡುವವನು ಹೊರಗೆ.

ಕೇರಳದಲ್ಲಿ ಹೊರರಾಜ್ಯದ ಕೆಲಸಗಾರರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆಯುತ್ತಾರೆ. ಶಬ್ದ ಚಂದವೇ. ಅವರಿಗಾಗಿ 2010ರಲ್ಲೇ ಕಲ್ಯಾಣ ಯೋಜನೆ ಮಾಡಿದ ರಾಜ್ಯ ಇದು. 2017ರಲ್ಲಿ ‘ಆವಾಸ್’ ಎಂಬ ಆರೋಗ್ಯ ವಿಮೆಯನ್ನೂ ತಂದರು. ಆದರೂ ಅತಿಥಿಗೆ ಯಾರೂ ಕಲ್ಲು ಕಡಿಯಲು ಹೇಳುವುದಿಲ್ಲ, ಮತ್ತು ಅತಿಥಿ ಎಂದರೆ ಒಂದಲ್ಲ ಒಂದು ದಿನ ಹೊರಡುವವನು ಎಂದೇ ಅರ್ಥ. ನಮ್ಮ ಹಿಂದಿನ ತಲೆಮಾರಿನವರು ಮುಂಬಯಿಗೆ, ಆಮೇಲೆ ಗಲ್ಫಿಗೆ ಹೋದಾಗ ಅವರನ್ನು ಅಲ್ಲಿ ಯಾರೂ ಅತಿಥಿ ಎನ್ನಲಿಲ್ಲ. ಆದರೆ ಕೋಣೆಯಲ್ಲಿ ಮೊದಲೇ ಇದ್ದ ಊರಿನವರೊಬ್ಬರು ಮೊದಲ ದಿನ ಕೆಲಸದ ಸ್ಥಳದವರೆಗೆ ಜೊತೆಗೆ ಬಂದಿದ್ದರು. ಆ ಕತೆಯನ್ನು ಪ್ರತಿ ಮನೆಯಲ್ಲೂ ಕೇಳಿದ್ದೇವೆ.

ಅಂಗನವಾಡಿಯ ಪೊಟ್ಟಣ

ರೇಷನ್ ಸಿಕ್ಕಿದ ಮೇಲೆ ನಾವು ಹಿಡಿದದ್ದು ಮಗುವಿನ ವಿಷಯ. ಹುಡುಗಿ ಶಾಲೆಗೆ ಹೋಗಬೇಕಾದರೆ ಮಗು ಅವಳ ಸೊಂಟದಿಂದ ಇಳಿಯಬೇಕಲ್ಲ.

ಅಂಗನವಾಡಿಗೆ ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳು ಸೇರುತ್ತಾರೆ. ಆದರೆ ಮೂರು ವರ್ಷವಾದವರನ್ನು ಮಾತ್ರ ಅಲ್ಲಿ ಕುಳ್ಳಿರಿಸಿಕೊಳ್ಳುತ್ತಾರೆ, ಚಿಕ್ಕವರಿಗೆ ಮನೆಗೆ ಆಹಾರ ಕೊಡುತ್ತಾರೆ. ಕೇರಳದಲ್ಲಿ ಆ ಆಹಾರ ‘ಅಮೃತಂ ನ್ಯೂಟ್ರಿಮಿಕ್ಸ್’ ಎಂಬ ಪುಡಿ. ಗೋಧಿ, ಕಡಲೆಬೇಳೆ, ಸೋಯಾ, ನೆಲಗಡಲೆ ಹುರಿದು ಪುಡಿಮಾಡಿ ಸಕ್ಕರೆ ಸೇರಿಸಿದ್ದು. ಓದುಗರಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ, ಈ ಪುಡಿಯ ಪಾಕ ರೂಪುಗೊಂಡದ್ದು ನಮ್ಮ ಕಾಸರಗೋಡಿನ ಸಿ.ಪಿ.ಸಿ.ಆರ್.ಐ.ಯಲ್ಲಿ. ಚೌಕಿಯ ಆ ತೆಂಗು ಸಂಶೋಧನಾ ಸಂಸ್ಥೆಯನ್ನು ನಾವು ತೆಂಗಿನ ಸಸಿಗಾಗಿ ಮಾತ್ರ ನೆನೆಯುತ್ತೇವೆ. ಪುಡಿ ತಯಾರಿಸುವವರು ರಾಜ್ಯದಾದ್ಯಂತ ಕುಟುಂಬಶ್ರೀಯ ಮಹಿಳಾ ಘಟಕಗಳು. ಒಂದು ಮಗುವಿಗೆ ಆಹಾರ, ಇನ್ನೊಂದು ಮನೆಯ ತಾಯಿಗೆ ಸಂಬಳ.

ಕುಟುಂಬಶ್ರೀಯ ಬಗ್ಗೆ ಗಡಿಯಾಚೆಯ ನಮ್ಮ ಓದುಗರಿಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. 1990ರ ದಶಕದ ಮೊದಲಲ್ಲಿ ಆಲಪ್ಪುಳ ಪಟ್ಟಣದಲ್ಲಿ ಒಂದು ಪ್ರಯೋಗ ನಡೆಯಿತು. ಬಡವರು ಯಾರು ಎಂದು ಗುರುತಿಸಲು ಆದಾಯದ ಲೆಕ್ಕ ಕೇಳದೆ, ಕಣ್ಣಿಗೆ ಕಾಣುವ ಒಂಬತ್ತು ಕೊರತೆಗಳ ಪಟ್ಟಿ ಮಾಡಿದರು. ಮನೆ ಗಟ್ಟಿಯಿಲ್ಲ, ಕುಡಿಯುವ ನೀರಿಲ್ಲ, ಕಕ್ಕಸು ಇಲ್ಲ, ಓದು ಬಾರದ ಹಿರಿಯರಿದ್ದಾರೆ, ದಿನಕ್ಕೆ ಎರಡು ಹೊತ್ತಿಗಿಂತ ಹೆಚ್ಚು ಊಟವಿಲ್ಲ ಎಂಬಂಥವು. ನಾಲ್ಕು ಕೊರತೆ ಇದ್ದರೆ ಬಡ ಕುಟುಂಬ. ಯಾರು ಬೇಕಾದರೂ ಅಂಗಳದಲ್ಲಿ ನಿಂತು ಲೆಕ್ಕ ಹಾಕಬಹುದು. ಈ ಅನುಭವದಿಂದ ಬೆಳೆದ ಕುಟುಂಬಶ್ರೀಯನ್ನು 1998ರ ಮೇ 17ರಂದು ಮಲಪ್ಪುರದಲ್ಲಿ ಅಂದಿನ ಪ್ರಧಾನಿ ವಾಜಪೇಯಿಯವರು ಉದ್ಘಾಟಿಸಿದರು. ಇಂದು ಅದರಲ್ಲಿ 40 ಲಕ್ಷಕ್ಕೂ ಹೆಚ್ಚು ಮಹಿಳೆಯರಿದ್ದಾರೆ.

ಅದರ ಬೇರು ‘ಅಯಲ್ಕೂಟ’, ಅಂದರೆ ನೆರೆಮನೆಯವರ ಕೂಟ. ಒಂದು ಮನೆಯಿಂದ ಒಬ್ಬಳಂತೆ ಹತ್ತರಿಂದ ಇಪ್ಪತ್ತು ಮಹಿಳೆಯರು ಪ್ರತಿವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ಉಳಿತಾಯ ಕಟ್ಟುತ್ತಾರೆ, ಅದರಿಂದಲೇ ಒಬ್ಬರಿಗೊಬ್ಬರು ಸಾಲ ಕೊಡುತ್ತಾರೆ, ಆಮೇಲೆ ಬ್ಯಾಂಕು ಕೊಡುತ್ತದೆ. ಕೂಟಗಳ ಮೇಲೆ ವಾರ್ಡಿನ ಸಮಿತಿ, ಅದರ ಮೇಲೆ ಪಂಚಾಯತಿನ ಸಮಿತಿ. ಹಸಿರು ಬಟ್ಟೆ ತೊಟ್ಟು ಮನೆಮನೆಗೆ ಬಂದು ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮಸೇನೆಯವರೂ ಈ ಕೂಟಗಳಿಂದಲೇ ಬಂದವರು. ನಮ್ಮ ಧರ್ಮಕೇಂದ್ರದ ಹಲವು ತಾಯಂದಿರು ಇಂಥ ಕೂಟಗಳಲ್ಲಿದ್ದಾರೆ. ಕಾಗದಪತ್ರವೇ ಇಲ್ಲದ ಕಡುಬಡವರ ವಿಷಯದಲ್ಲೂ ಕೇರಳ 2021ರಿಂದ ಹೀಗೇ ಹೆಜ್ಜೆಹೆಜ್ಜೆಯಾಗಿ ಹೋಯಿತು. 64,006 ಕುಟುಂಬಗಳನ್ನು ಗುರುತಿಸಿ, ಒಂದೊಂದು ಕುಟುಂಬಕ್ಕೂ ಬೇರೆ ಬೇರೆ ಯೋಜನೆ ಮಾಡಿದರು. ಒಬ್ಬರಿಗೆ ಬೇಕಾದದ್ದು ಮನೆ, ಇನ್ನೊಬ್ಬರಿಗೆ ಔಷಧ, ಮತ್ತೊಬ್ಬರಿಗೆ ಬರೀ ಒಂದು ಗುರುತುಚೀಟಿ. 2025ರ ನವೆಂಬರ್ 1ರಂದು ರಾಜ್ಯವು ಕಡುಬಡತನದಿಂದ ಮುಕ್ತವಾಯಿತೆಂದು ಸರಕಾರ ಘೋಷಿಸಿತು. ಘೋಷಣೆಯ ಬಗ್ಗೆ ವಾದ ಇರಲಿ, ಕುಟುಂಬಕ್ಕೊಂದು ಯೋಜನೆ ಎಂಬ ಬುದ್ಧಿ ನಮಗೆ ಹಿಡಿಸಿತು. ಎಲ್ಲರಿಗೂ ಒಂದೇ ಕಿಟ್ಟು ಕಟ್ಟಿದವರಲ್ಲವೇ ನಾವು!

ಅಂಗನವಾಡಿಯ ಟೀಚರು ಮಗುವಿನ ಹೆಸರು ಬರೆದುಕೊಂಡು ತೂಕ ನೋಡಿದರು. ತೂಕ ಕಡಿಮೆ ಇತ್ತು. ಅಮೃತಂ ಪೊಟ್ಟಣ ಕೊಟ್ಟು, ಹೇಗೆ ಕಲಸಬೇಕೆಂದು ತೋರಿಸಿದರು. ಆದರೆ ಮಗುವನ್ನು ಹಗಲು ನೋಡಿಕೊಳ್ಳುವುದು ಯಾರು? ಇದಕ್ಕೆ ಯಾವ ಇಲಾಖೆಯಲ್ಲೂ ಉತ್ತರ ಸಿಗಲಿಲ್ಲ. ಕೊನೆಗೆ ಕ್ವಾರ್ಟರ್ಸಿನ ಎದುರು ಮನೆಯ ಒಬ್ಬ ವಯಸ್ಸಾದ ಬಾಯಮ್ಮ, ಮಕ್ಕಳೆಲ್ಲ ಕುವೈತಿನಲ್ಲಿರುವವರು, “ಮಗು ನನ್ನಲ್ಲಿ ಇರಲಿ. ನನಗೂ ಹಗಲು ಹೋಗಬೇಕಲ್ಲ” ಎಂದರು. ಮಗು ಮೂರು ವರ್ಷವಾಗುವವರೆಗೆ ಅವರಲ್ಲೇ ಇತ್ತು. ಈಗ ಕೊಂಕಣಿಯಲ್ಲೂ ನಾಲ್ಕು ಮಾತಾಡುತ್ತದೆ.

ಶಾಲೆ ಮತ್ತು ಆರನೇ ದಿನ

ಹುಡುಗಿಯನ್ನು 2023ರ ಜೂನ್ ತಿಂಗಳಲ್ಲಿ ಹತ್ತಿರದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸಿದೆವು. ವರ್ಗಾವಣೆ ಪತ್ರ ಇರಲಿಲ್ಲ, ಜನನ ಪ್ರಮಾಣಪತ್ರವೂ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವನ್ನೂ ಹಿಂದೆ ಕಳುಹಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಇದನ್ನು ನಾವು ಹೇಳುವ ಮೊದಲೇ ಹೆಡ್ಮಾಸ್ತರರು ದಾಖಲಾತಿ ಪುಸ್ತಕ ತೆರೆದಿದ್ದರು. ಅವರಿಗೆ ಮಕ್ಕಳು ಬೇಕಿತ್ತು!

ಕಾರಣ ಕಾಸರಗೋಡಿನ ಓದುಗರಿಗೆ ಗೊತ್ತೇ ಇದೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ನಮ್ಮ ಮಕ್ಕಳನ್ನು ನಾವೇ ಇಂಗ್ಲಿಷ್ ಮಾಧ್ಯಮಕ್ಕೆ ವ್ಯಾನು ಹತ್ತಿಸಿ ಕಳುಹಿಸುತ್ತೇವೆ, ಸಂಜೆ ಕನ್ನಡ ಉಳಿಸುವ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತೇವೆ. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಎಣಿಸಿ, ಅದರ ಮೇಲೆ ಎಷ್ಟು ವಿಭಾಗ, ಎಷ್ಟು ಅಧ್ಯಾಪಕರು ಎಂದು ನಿರ್ಧರಿಸುತ್ತಾರೆ. ಒಬ್ಬಳು ಹುಡುಗಿ ಹೆಚ್ಚಾದರೂ ಲೆಕ್ಕವೇ. ಕ್ವಾರ್ಟರ್ಸಿನ ಮಕ್ಕಳಿಂದ ಆ ಶಾಲೆಗೆ ಅಂದು ಉಪಕಾರವಾಯಿತು, ನಾವು ಮಾಡಿದ ಉಪಕಾರ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಹುಡುಗಿ ಮೊದಲ ತಿಂಗಳು ಹಿಂದಿನ ಬೆಂಚಿನಲ್ಲಿ ತಲೆ ಎತ್ತದೆ ಕುಳಿತಳು. ಎರಡು ವರ್ಷದ ಪಾಠ ಬಿಟ್ಟುಹೋಗಿತ್ತು. ಟೀಚರು ಬಿಡುವಿನಲ್ಲಿ ಪ್ರತ್ಯೇಕ ಕುಳ್ಳಿರಿಸಿ ಗುಣಾಕಾರದಿಂದ ಆರಂಭಿಸಿದರು. ಆದರೆ ದೊಡ್ಡ ತೊಡಕು ಬೇರೆಯೇ ಇತ್ತು. ಮಳೆ ಹಿಡಿದರೆ ಕೋರೆ ಮುಚ್ಚುತ್ತದೆ. ಮುಚ್ಚಿದರೆ ಕೂಲಿಯಿಲ್ಲ, ಊರಿನಲ್ಲಿ ಬಿತ್ತನೆ ಇದೆ. ಮೇ ಕೊನೆಗೆ ಬಸ್ಸು ಹತ್ತಿ, ದಸರಾ ಕಳೆದು ಮರಳುವುದು ಕ್ವಾರ್ಟರ್ಸಿನವರ ರೂಢಿ. ಆ ವರ್ಷ ಮಳೆ ತಡವಾದ್ದರಿಂದ ಜೂನಿನಲ್ಲಿ ಸೇರಿಸಲು ಸಾಧ್ಯವಾಯಿತು. ಜುಲೈಯಲ್ಲಿ ಅವರು ಹೋದರು. ಅಕ್ಟೋಬರ್ ಕೊನೆಗೆ ಬಂದಾಗ ಕಲಿತದ್ದರಲ್ಲಿ ಅರ್ಧ ಮರೆತಿತ್ತು. 2024ರಲ್ಲೂ ಹಾಗೆಯೇ ಆಯಿತು, ಆರನೇ ದಿನ ಹುಡುಗಿ ತರಗತಿಯಲ್ಲಿ ಇರಲಿಲ್ಲ. ಹೆಡ್ಮಾಸ್ತರರು ನಮ್ಮನ್ನು ಕಂಡು ಏನೂ ಹೇಳಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಮಳೆಗಾಲದ ನಾಲ್ಕು ತಿಂಗಳು ತಾಯಿ ಮಕ್ಕಳು ಇಲ್ಲೇ ಉಳಿಯಬೇಕಾದರೆ ಇಲ್ಲಿ ಅನ್ನಕ್ಕೆ ದಾರಿ ಬೇಕು. ಬಾಡಿಗೆ ಬೇರೆ. ಇದು ಅರ್ಜಿಯಿಂದ ಆಗುವ ಕೆಲಸವಲ್ಲ.

ಆ ವರ್ಷದ ಕೊನೆಗೆ, ನಮ್ಮ ವಾಳೆಯ ತಾಯಂದಿರಿರುವ ಒಂದು ಅಯಲ್ಕೂಟದಲ್ಲಿ ಈಕೆಯನ್ನು ಸೇರಿಸಿಕೊಳ್ಳಬಹುದೇ ಎಂದು ಕೇಳಿದೆವು. ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. “ಇವತ್ತು ಇದ್ದವರು ನಾಳೆ ಇರುವುದಿಲ್ಲ ಬಾಯಮ್ಮ. ಸಾಲ ತಕೊಂಡು ಬಸ್ಸು ಹತ್ತಿದರೆ ಕಟ್ಟುವುದು ಯಾರು? ನಮ್ಮದೂ ಬಡವರ ದುಡ್ಡೇ ಅಲ್ಲವಾ?” ಎಂದು ಒಬ್ಬರು ಕೇಳಿದರು. ಅವರದು ಕೆಟ್ಟ ಮನಸ್ಸೆಂದು ನಾವು ಹೇಳಲಾರೆವು. ಅದೇ ಕ್ವಾರ್ಟರ್ಸಿನ ಇನ್ನೊಂದು ಕುಟುಂಬ ಮೇಸ್ತ್ರಿಯ ಮುಂಗಡ ತೀರಿಸಲಾಗದೆ ಒಂದು ರಾತ್ರಿ ಯಾರಿಗೂ ಹೇಳದೆ ಹೋಗಿತ್ತು. ನಾವು ಅವರ ಮಗನಿಗೂ ಶಾಲೆ ಚೀಲ ತೆಗೆದುಕೊಟ್ಟಿದ್ದೆವು. ಆ ಹುಡುಗ ಈಗ ಎಲ್ಲಿದ್ದಾನೋ ನಮಗೆ ತಿಳಿಯದು.

ಕೊನೆಗೆ ಕೂಟದವರೇ ಒಂದು ದಾರಿ ಕಂಡುಕೊಂಡರು. ಆರು ತಿಂಗಳು ಉಳಿತಾಯ ಮಾತ್ರ, ಸಾಲವಿಲ್ಲ. ಅಷ್ಟರಲ್ಲಿ ಮನುಷ್ಯರು ತಿಳಿಯುತ್ತಾರೆ. ವಾರಕ್ಕೆ 50 ರೂಪಾಯಿ. ಆಕೆ ಒಂದು ವಾರವೂ ತಪ್ಪಿಸಲಿಲ್ಲ. ಕೂಟ ತನ್ನ ಕೋಣೆಯಲ್ಲಿ ಸೇರಬೇಕಾದ ಸರದಿ ಬಂದಾಗ ಜೋಳದ ಕಟಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಮಾಡಿಟ್ಟಳು. ಕೂಟದವರು ತಿಂದು, “ಇದು ಎಷ್ಟು ದಿನ ಇಟ್ಟರೆ ಹಾಳಾಗುವುದಿಲ್ಲ?” ಎಂದು ಕೇಳಿದರು. ತಿಂಗಳಾದರೂ ಏನೂ ಆಗುವುದಿಲ್ಲ ಎಂದಳು. ಅಲ್ಲಿಂದ ಆರಂಭ.

2025ರ ಬೇಸಗೆಯಲ್ಲಿ ಕೂಟದಿಂದ 5,000 ರೂಪಾಯಿ ಸಾಲ ಸಿಕ್ಕಿತು. ಊರಿನಿಂದ ಬಸ್ಸಿನಲ್ಲಿ ಜೋಳದ ಚೀಲ ಬಂತು, ದೊಡ್ಡ ಹೆಂಚು ಕೊಂಡಳು. ಸುತ್ತಲಿನ ಕೋರೆ, ಕಟ್ಟಡ, ಹೋಟೆಲುಗಳಲ್ಲಿ ಕೆಲಸಕ್ಕಿರುವ ಉತ್ತರ ಕರ್ನಾಟಕದವರೇ ಗಿರಾಕಿಗಳು. ರಾತ್ರಿ ಎಂಟು ಗಂಟೆಗೆ ಕೋಣೆಯ ಎದುರು ಬಂದು ನಿಲ್ಲುತ್ತಾರೆ. ಮಳೆಗಾಲದಲ್ಲಿ ಗಿರಾಕಿಗಳಲ್ಲೂ ಅರ್ಧ ಜನ ಊರಿಗೆ ಹೋಗುತ್ತಾರಲ್ಲ ಎಂದು ನಾವು ಚಿಂತಿಸಿದೆವು. ಅದಕ್ಕೆ ಕೂಟದ ಅಧ್ಯಕ್ಷೆ ತಮ್ಮ ಪರಿಚಯದ ಎರಡು ಮನೆಗಳಲ್ಲಿ ಅಡಿಕೆ ಸುಲಿಯುವ ಕೆಲಸ ಹೇಳಿಟ್ಟರು. ಸುಲಿದ ತೂಕಕ್ಕೆ ತಕ್ಕ ಕೂಲಿ. ಮೊದಲ ದಿನ ಮೆಟ್ಟುಕತ್ತಿ ತಾಗಿ ಕೈ ಕೊಯ್ದುಕೊಂಡಳು, ಈಗ ಬೇರೆಯವರಿಗೆ ಸಮನಾಗಿ ಸುಲಿಯುತ್ತಾಳೆ.

ನಾವು ಕಿಟ್ಟು ಕೊಡುವುದನ್ನು ಪೂರ್ತಿ ನಿಲ್ಲಿಸಿಲ್ಲ. ಕಾಯಿಲೆ ಬಿದ್ದವರಿಗೆ, ಒಂಟಿ ಮುದುಕರಿಗೆ ಕೊಡುತ್ತೇವೆ. ಏನು ಬೇಕೆಂದು ಕೇಳಿ ಕಟ್ಟುತ್ತೇವೆ. ವಾಸ್ಕೊದಲ್ಲಿ, ಹೊಸೂರಿನಲ್ಲಿ, ಸೊಲ್ಲಾಪುರದಲ್ಲಿ ಇರುವ ಓದುಗರೇ, ನಿಮ್ಮ ದೇವಾಲಯದ ಸುತ್ತಲೂ ಇಂಥ ಸಾಲುಮನೆಗಳಿರಬಹುದು. ರೇಷನಿನ ನಿಯಮ ಎಲ್ಲ ಕಡೆಯೂ ಒಂದೇ. ಫೋನಿನಲ್ಲಿ ‘ಮೇರಾ ರೇಷನ್’ ಎಂಬ ಆ್ಯಪ್ ಹಾಕಿಕೊಂಡರೆ ಕಾರ್ಡಿನ ವಿವರವೂ ಹತ್ತಿರದ ಅಂಗಡಿಯೂ ತಿಳಿಯುತ್ತದೆ. ಇ-ಶ್ರಮ್ ವಿಷಯ ಕೇಳಲು 14434ಕ್ಕೆ ಕರೆ ಮಾಡಬಹುದು. ಮೊದಲ ಸಲ ಮಾತ್ರ ದಯವಿಟ್ಟು ಜೊತೆಗೆ ಹೋಗಿ. ಗಂಡಸಿನ ಬೆರಳು ಹಿಡಿಯದಿದ್ದರೆ ಹೆಂಡತಿಯನ್ನೂ ಕರೆದುಕೊಂಡೇ ಹೋಗಿ.

2025ರ ಮೇ ಕೊನೆಯ ವಾರ ಕ್ವಾರ್ಟರ್ಸಿನವರು ಗಂಟುಮೂಟೆ ಕಟ್ಟಿದರು. ಈ ಕುಟುಂಬವೂ ಕಟ್ಟಿತು. ನಾವು ಬಸ್ಸಿನವರೆಗೆ ಹೋದೆವು, ಏನೂ ಕೇಳಲಿಲ್ಲ. ತಾಯಿಯೇ ಹೇಳಿದಳು: “ಅತ್ತಿ ಮಾರಿ ನೋಡಿ ಬರ್ತೀವ್ರಿ. ಅವ್ರು ಬಿತ್ತಿಗೆ ಮುಗಿಸ್ಕೊಂಡು ಆಮ್ಯಾಲೆ ಬರ್ತಾರ.” ಬರುತ್ತಾರೋ ಇಲ್ಲವೋ ಎಂದು ನಮ್ಮಲ್ಲೇ ಇಬ್ಬರಿಗೆ ಸಂಶಯವಿತ್ತು. ಆ ವರ್ಷ ಮಳೆಯೂ ಬೇಗನೆ ಹಿಡಿದಿತ್ತು.

ಶಾಲೆ ತೆರೆದ ನಾಲ್ಕನೇ ದಿನ, ಬೆಳಗ್ಗಿನ ಮೊದಲ ಬಸ್ಸಿನಿಂದ ತಾಯಿ, ಹುಡುಗಿ, ಮಗು ಇಳಿದರು. ಹುಡುಗಿಯ ತಲೆಯ ಮೇಲೆ ಅರ್ಧ ಚೀಲ ಜೋಳ, ಕೈಯಲ್ಲಿ ಕೊಡೆ. ಆರನೇ ದಿನ ಎಣಿಕೆಯಾಗುವಾಗ ಅವಳು ಎಂಟನೇ ತರಗತಿಯ ಎರಡನೇ ಬೆಂಚಿನಲ್ಲಿದ್ದಳು.